ಕಣ್ಣಿಗೆ ಕಂಡ ಹೆಪ್ಪು, ಲೆಕ್ಕಕ್ಕೆ ಸಿಗದ ಲಾಭ

ಹೃದಯಾಘಾತವಾದಾಗ ಮುಚ್ಚಿದ ಧಮನಿಯನ್ನು ಬಲೂನಿನಿಂದ ತೆರೆಯುವ ತುರ್ತು ಆಂಜಿಯೋಪ್ಲಾಸ್ಟಿ ನಡೆಯುವ ಕ್ಯಾಥ್ ಲ್ಯಾಬಿನ ಮೇಜಿನ ಮೇಲೆ, ಅಂಗೈಯಲ್ಲಿ ಅಡಗುವಷ್ಟು ಸಣ್ಣದೊಂದು ಜಾಲರಿ ಬುಟ್ಟಿ ಇರುತ್ತದೆ. ಧಮನಿಯಿಂದ ಸಿರಿಂಜಿಗೆ ಎಳೆದುಕೊಂಡ ರಕ್ತವನ್ನು ಅದರೊಳಗೆ ಸುರಿದರೆ ದ್ರವವೆಲ್ಲ ಸೋರಿ, ಗಟ್ಟಿಯಾದದ್ದು ಮಾತ್ರ ಜಾಲರಿಯ ಮೇಲೆ ನಿಲ್ಲುತ್ತದೆ. ಕೆಲವೇ ಮಿಲಿಮೀಟರ್ ಉದ್ದದ, ಕಡುಗೆಂಪು ಬಣ್ಣದ, ಕೆಲವೊಮ್ಮೆ ಒಂದು ತುದಿ ಬಿಳಿಚಿಕೊಂಡಿರುವ ಹೆಪ್ಪು. ಸ್ವಲ್ಪ ಹೊತ್ತಿನ ಹಿಂದೆ ಒಬ್ಬರ ಪ್ರಾಣಕ್ಕೆ ಸಂಚಕಾರ ತಂದದ್ದು ಇದೇ. ಅದರ ಫೋಟೊ ತೆಗೆಯುತ್ತಾರೆ, ಹೊರಗೆ ಕಾಯುತ್ತಿರುವ ಮನೆಯವರಿಗೆ ತೋರಿಸುವುದೂ ಉಂಟು. ಅದನ್ನು ಕಂಡ ಮೇಲೆ, ತೆಗೆದದ್ದರಿಂದ ರೋಗಿಗೆ ಒಳ್ಳೆಯದಾಯಿತು ಎನ್ನಲು ಬೇರೆ ಸಾಕ್ಷಿ ಏಕೆ ಬೇಕು ಎಂದೇ ಯಾರಿಗಾದರೂ ಅನ್ನಿಸುತ್ತದೆ.

ಆದರೂ ವೈದ್ಯವಿಜ್ಞಾನ ಸಾಕ್ಷಿ ಕೇಳಿತು. ಹದಿನೆಂಟು ಸಾವಿರಕ್ಕೂ ಹೆಚ್ಚು ರೋಗಿಗಳು ಪಾಲ್ಗೊಂಡ ಮೂರು ಪ್ರಯೋಗಗಳ ನಂತರ ಬಂದ ಉತ್ತರ ಅನೇಕರಿಗೆ ರುಚಿಸಲಿಲ್ಲ: ತುರ್ತು ಆಂಜಿಯೋಪ್ಲಾಸ್ಟಿಗೆ ಬಂದ ಎಲ್ಲರಿಗೂ ವಾಡಿಕೆಯಂತೆ ಹೆಪ್ಪು ಹೀರಿ ತೆಗೆಯುವುದರಿಂದ ಸಾವು ಗಮನಾರ್ಹವಾಗಿ ಕಡಿಮೆಯಾಗುವುದಿಲ್ಲ. ಈಗ ಹೊಸ ಸಾಧನಗಳು ಬಂದಿವೆ, ಹಳೆಯ ಆಸೆ ಮತ್ತೆ ಚಿಗುರಿದೆ. ಹಾಗಾಗಿ ಹಿಂದಿನ ಲೆಕ್ಕವನ್ನು ಸರಿಯಾಗಿ ಓದಿಕೊಳ್ಳುವುದು ಅಗತ್ಯ.

ಮೊದಲು ಒಳಗೆ ಆಗುವುದೇನು ಎಂದು ನೋಡೋಣ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಕರೋನರಿ ಧಮನಿಯ ಒಳಗೋಡೆಯಲ್ಲಿ ವರ್ಷಗಳಿಂದ ಕೂಡಿಕೊಂಡು ಬಂದ ಕೊಬ್ಬಿನ ಗಂಟಿಗೆ ವೈದ್ಯರು ಪ್ಲೇಕ್ ಎನ್ನುತ್ತಾರೆ. ಅದರ ಮೇಲಿನ ಪೊರೆ ಹರಿದರೆ ಒಳಗಿನ ವಸ್ತು ರಕ್ತಕ್ಕೆ ತಾಗುತ್ತದೆ. ಅಲ್ಲಿಗೆ ಪ್ಲೇಟ್‌ಲೆಟ್‌ಗಳು ಬಂದು ಮುತ್ತುತ್ತವೆ, ಫೈಬ್ರಿನ್ ಎಳೆಗಳು ಹೆಣೆದುಕೊಳ್ಳುತ್ತವೆ, ಎಳೆಗಳ ನಡುವೆ ಕೆಂಪು ರಕ್ತಕಣಗಳು ಸಿಕ್ಕಿಬೀಳುತ್ತವೆ. ಸುಮಾರು ಮೂರು ಮಿಲಿಮೀಟರ್ ಅಗಲದ ನಾಳ ಮುಚ್ಚಿಹೋಗಲು ಇಷ್ಟು ಸಾಕು. ಆ ನಾಳವನ್ನು ನಂಬಿಕೊಂಡ ಹೃದಯದ ಸ್ನಾಯು ಅರ್ಧ ಗಂಟೆಯೊಳಗೇ ಸಾಯಲು ತೊಡಗುತ್ತದೆ. ಮೊದಲು ಒಳಪದರ ಸಾಯುತ್ತದೆ, ಆಮೇಲೆ ಹಾನಿ ಹೊರಪದರದತ್ತ ಹರಡುತ್ತದೆ.

ಇಂದು ಇದು ಪಠ್ಯಪುಸ್ತಕದ ಮಾತು. 1980ರ ಹೊತ್ತಿಗೂ ಹೆಪ್ಪು ಹೃದಯಾಘಾತಕ್ಕೆ ಕಾರಣವೋ ಅದರ ಪರಿಣಾಮವೋ ಎಂಬ ವಾದ ತಣ್ಣಗಾಗಿರಲಿಲ್ಲ. ಆ ವರ್ಷ ಅಮೆರಿಕದ ಸ್ಪೋಕೇನ್ ನಗರದ ಮಾರ್ಕಸ್ ಡಿವುಡ್ ಮತ್ತು ಸಂಗಡಿಗರು, ಹೃದಯಾಘಾತ ನಡೆಯುತ್ತಿರುವಾಗಲೇ ಆಂಜಿಯೋಗ್ರಾಂ (ಧಮನಿಗೆ ಬಣ್ಣ ಹಾಯಿಸಿ ಎಕ್ಸ್‌ರೇ ಪರದೆಯಲ್ಲಿ ನೋಡುವ ಪರೀಕ್ಷೆ) ಮಾಡಿ ಪಡೆದ ಫಲಿತಾಂಶವನ್ನು ಪ್ರಕಟಿಸಿದರು. ನೋವು ಶುರುವಾಗಿ ನಾಲ್ಕು ಗಂಟೆಯೊಳಗೆ ಪರೀಕ್ಷಿಸಿದವರಲ್ಲಿ ಶೇ. 87 ಮಂದಿಯ ಧಮನಿ ಪೂರ್ತಿ ಮುಚ್ಚಿತ್ತು. 12ರಿಂದ 24 ಗಂಟೆಯ ನಡುವೆ ನೋಡಿದವರಲ್ಲಿ ಆ ಪ್ರಮಾಣ ಶೇ. 65ಕ್ಕೆ ಇಳಿದಿತ್ತು. ವಾದ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು. ಹೆಪ್ಪನ್ನು ಕರಗಿಸಬೇಕು, ಇಲ್ಲವೇ ನಾಳವನ್ನು ಬಲೂನಿನಿಂದ ತೆರೆಯಬೇಕು ಎಂಬುದು ಚಿಕಿತ್ಸೆಯ ಗುರಿಯಾಯಿತು. ಎರಡನ್ನೂ ಹೋಲಿಸಿದ 23 ಪ್ರಯೋಗಗಳನ್ನು 2003ರಲ್ಲಿ ಒಟ್ಟುಗೂಡಿಸಿದಾಗ, ಮೊದಲ ಕೆಲವು ವಾರಗಳ ಸಾವು ಕರಗಿಸುವ ಔಷಧ ಪಡೆದವರಲ್ಲಿ ಶೇ. 9, ಆಂಜಿಯೋಪ್ಲಾಸ್ಟಿ ಮಾಡಿಸಿಕೊಂಡವರಲ್ಲಿ ಶೇ. 7 ಇತ್ತು. ಸಮಯಕ್ಕೆ ಸರಿಯಾಗಿ ಸಿಗುವಂತಿದ್ದರೆ ಆಂಜಿಯೋಪ್ಲಾಸ್ಟಿಯೇ ಮೇಲು ಎಂಬ ಇಂದಿನ ನಿಲುವಿಗೆ ಇದು ತಳಹದಿ.

ಇಲ್ಲೊಂದು ಸಾಮಾನ್ಯ ತಪ್ಪು ತಿಳಿವಳಿಕೆ ಇದೆ. ಆಂಜಿಯೋಪ್ಲಾಸ್ಟಿ ಎಂದರೆ ಹೆಪ್ಪು ತೆಗೆಯುವುದು ಎಂದೇ ಹಲವರು ಭಾವಿಸಿದ್ದಾರೆ. ಹಾಗಲ್ಲ. ಬಲೂನ್ ಉಬ್ಬಿದಾಗ ಹೆಪ್ಪು ಮತ್ತು ಪ್ಲೇಕ್ ಎರಡೂ ಗೋಡೆಗೆ ಒತ್ತಿಕೊಳ್ಳುತ್ತವೆ, ಸ್ಟೆಂಟ್ ಎಂಬ ಲೋಹದ ಜಾಲರಿ ಕೊಳವೆ ಅವನ್ನು ಅಲ್ಲೇ ಹಿಡಿದಿಡುತ್ತದೆ. ಒತ್ತುವಾಗ ಚೂರುಗಳು ಕಳಚಿ ರಕ್ತದೊಂದಿಗೆ ಮುಂದೆ ಸಾಗಿ ಕಿರುನಾಳಗಳಲ್ಲಿ ಸಿಕ್ಕಿಕೊಳ್ಳಬಹುದು. ಆಗ ಆಂಜಿಯೋಗ್ರಾಂ ಪರದೆಯಲ್ಲಿ ದೊಡ್ಡ ಧಮನಿ ಚೆನ್ನಾಗಿ ತೆರೆದುಕೊಂಡಿರುತ್ತದೆ, ಆದರೆ ಸ್ನಾಯುವಿಗೆ ರಕ್ತ ತಲುಪಿರುವುದಿಲ್ಲ. ಬಣ್ಣ ನಾಳದಲ್ಲಿ ನಿಧಾನವಾಗಿ ತೆವಳುತ್ತದೆ, ಎದೆನೋವು ಹೋಗುವುದಿಲ್ಲ, ಇಸಿಜಿಯಲ್ಲಿ ಮೇಲೆದ್ದ ಗೆರೆ ಇಳಿಯುವುದಿಲ್ಲ. ನೋ-ರಿಫ್ಲೋ ಎಂದು ಕರೆಯುವ ಈ ಸ್ಥಿತಿ ಕ್ಯಾಥ್ ಲ್ಯಾಬಿನ ಎಲ್ಲರಿಗೂ ಗೊತ್ತಿರುವ ತಲೆನೋವು.

ಹಾಗಾದರೆ ಒತ್ತುವ ಮೊದಲೇ ಹೆಪ್ಪನ್ನು ಹೀರಿ ತೆಗೆದರಾಯಿತಲ್ಲವೇ? ತರ್ಕ ನೇರವಾಗಿದೆ, ಸಾಧನವೂ ಸರಳ. ಸುಮಾರು ಒಂದು ಮಿಲಿಮೀಟರ್ ಒಳಅಗಲದ ಮೃದು ಕೊಳವೆ, ಅದರ ಹಿಂತುದಿಗೆ ಹಿಡಿಕೆಯನ್ನು ಎಳೆದು ಬೀಗಹಾಕಬಹುದಾದ ಸಿರಿಂಜ್. ಅಡ್ಡಿಯ ಮೂಲಕ ಮೊದಲೇ ದಾಟಿಸಿಟ್ಟ ತೆಳು ತಂತಿಯ ಮೇಲೆ ಈ ಕೊಳವೆಯನ್ನು ಜಾರಿಸಿ, ಹೆಪ್ಪಿಗೆ ತಾಗುವ ಮೊದಲೇ ಹೀರಲು ಶುರುಮಾಡಿ, ನಿಧಾನವಾಗಿ ಮುಂದೊತ್ತಬೇಕು. ಸಿರಿಂಜಿಗೆ ರಕ್ತ ಬರುತ್ತಿರುವುದು ಥಟ್ಟನೆ ನಿಂತರೆ ಕೊಳವೆಯ ಬಾಯಿಗೆ ಏನೋ ಕಚ್ಚಿಕೊಂಡಿದೆ ಎಂದರ್ಥ. ಆಗ ಹೀರುವ ಬಲವನ್ನು ಬಿಡದೆ ಇಡೀ ಕೊಳವೆಯನ್ನು ಹೊರಗೆಳೆಯಬೇಕು. ನಡುದಾರಿಯಲ್ಲಿ ಬಲ ಸಡಿಲವಾದರೆ ಹೆಪ್ಪು ಧಮನಿಯ ಬುಡದಲ್ಲೋ ಮಹಾಧಮನಿಯಲ್ಲೋ ಕಳಚಿಬೀಳುತ್ತದೆ. ಅಲ್ಲಿಂದ ಮೆದುಳಿಗೆ ದಾರಿ ದೂರವಿಲ್ಲ.

2008ರಲ್ಲಿ ನೆದರ್‌ಲೆಂಡ್ಸ್‌ನ ಗ್ರೋನಿಂಗೆನ್ ನಗರದಿಂದ ಬಂದ ಟಪಾಸ್ ಪ್ರಯೋಗ ಈ ಸರಳ ಕೊಳವೆಗೆ ದೊಡ್ಡ ಹೆಸರು ತಂದಿತು. 1,071 ರೋಗಿಗಳ ಪ್ರಯೋಗ ಅದು. ಹೃದಯದ ಸ್ನಾಯುವಿಗೆ ಬಣ್ಣ ಸರಿಯಾಗಿ ಇಳಿಯದವರ ಪ್ರಮಾಣ ಹೆಪ್ಪು ಹೀರಿದ ಗುಂಪಿನಲ್ಲಿ ಶೇ. 17.1, ಹೀರದ ಗುಂಪಿನಲ್ಲಿ ಶೇ. 26.3. ಇದಕ್ಕಿಂತ ಸುದ್ದಿಯಾದದ್ದು ಒಂದು ವರ್ಷದ ನಂತರದ ಸಾವಿನ ಲೆಕ್ಕ: ಶೇ. 4.7 ಮತ್ತು ಶೇ. 7.6. ಅಷ್ಟೇನೂ ದುಬಾರಿಯಲ್ಲದ, ಕಲಿಯಲು ಕಷ್ಟವಿಲ್ಲದ ಒಂದು ಕ್ರಮದಿಂದ ಸಾವು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ ಎಂದರೆ ಯಾವ ವೈದ್ಯ ಬೇಡವೆಂದಾನು? 2012ರ ಯುರೋಪಿನ ಮಾರ್ಗಸೂಚಿ ಇದನ್ನು ಪರಿಗಣಿಸತಕ್ಕದ್ದು ಎಂದಿತು. 2013ರ ಅಮೆರಿಕದ ಮಾರ್ಗಸೂಚಿಯೂ ಇದು ಸಮಂಜಸ ಎಂದಿತು.

ಆ ಅಂಕಿಗಳನ್ನು ತಲೆಎಣಿಕೆಗೆ ಇಳಿಸಿದರೆ ಚಿತ್ರ ಬದಲಾಗುತ್ತದೆ. ಒಂದೊಂದು ಗುಂಪಿನಲ್ಲಿ ಐನೂರ ಮೂವತ್ತರ ಆಸುಪಾಸು ರೋಗಿಗಳು, ಸಾವಿನ ವ್ಯತ್ಯಾಸ ಹದಿನೈದರ ಆಸುಪಾಸು. ಪ್ರಯೋಗ ಸಾವನ್ನು ಅಳೆಯಲೆಂದು ರೂಪಿಸಿದ್ದೂ ಅಲ್ಲ, ಅದರ ಮುಖ್ಯ ಗುರಿ ಪರದೆಯ ಮೇಲೆ ಬಣ್ಣ ಇಳಿಯುವುದನ್ನು ನೋಡುವುದಾಗಿತ್ತು. ಇಷ್ಟು ಸಣ್ಣ ಸಂಖ್ಯೆಯಲ್ಲಿ ಕಾಕತಾಳೀಯಕ್ಕೆ ಬೇಕಾದಷ್ಟು ಜಾಗವಿರುತ್ತದೆ. ಟಪಾಸ್ ನಡೆಸಿದವರನ್ನು ದೂರುವಂತಿಲ್ಲ, ಅವರು ಕಂಡದ್ದನ್ನು ಬರೆದರು. ಅದರ ಮೇಲೆ ಅಷ್ಟೊಂದು ಭಾರ ಹೇರಿದ್ದು ಉಳಿದ ನಾವೆಲ್ಲ. ಎಚ್ಚರಿಸುವ ಘಂಟೆಯೂ ಅದಕ್ಕೆ ಮೊದಲೇ ಬಾರಿಸಿತ್ತು. ವೇಗವಾಗಿ ಚಿಮ್ಮುವ ಲವಣದ್ರಾವಣದಿಂದ ಹೆಪ್ಪನ್ನು ಒಡೆದು ಹೀರುವ ಯಂತ್ರವನ್ನು 480 ರೋಗಿಗಳಲ್ಲಿ ಪರೀಕ್ಷಿಸಿದ ಐಮಿ ಪ್ರಯೋಗ 2006ರಲ್ಲೇ ಪ್ರಕಟವಾಗಿತ್ತು. ಯಂತ್ರ ಬಳಸಿದವರಲ್ಲಿ ಸತ್ತ ಸ್ನಾಯುವಿನ ಪ್ರಮಾಣ ಕಡಿಮೆಯಾಗಿರಲಿಲ್ಲ, ಹೆಚ್ಚಿತ್ತು.

ಸಂದೇಹ ಬಗೆಹರಿಯಲು ದೊಡ್ಡ ಸಂಖ್ಯೆ ಬೇಕಿತ್ತು. ಅದನ್ನು ಒದಗಿಸಿದ ರೀತಿಯಿಂದಾಗಿ ಸ್ವೀಡನ್ನಿನ ಟೇಸ್ಟ್ ಪ್ರಯೋಗ ವೈದ್ಯಕೀಯ ಸಂಶೋಧನೆಯಲ್ಲೇ ಹೆಸರಾಗಿದೆ. ಆ ದೇಶದಲ್ಲಿ ಆಂಜಿಯೋಗ್ರಾಂ, ಆಂಜಿಯೋಪ್ಲಾಸ್ಟಿಗೆ ಒಳಗಾಗುವವರ ವಿವರವೆಲ್ಲ ಒಂದು ರಾಷ್ಟ್ರೀಯ ನೋಂದಣಿಗೆ ಸೇರುತ್ತದೆ. ಓಲೆ ಫ್ರೋಬರ್ಟ್ ಮತ್ತು ಸಂಗಡಿಗರು ಆ ನೋಂದಣಿಯೊಳಗೇ ಚೀಟಿ ಎತ್ತುವ ವ್ಯವಸ್ಥೆಯನ್ನು ಸೇರಿಸಿದರು. ವೈದ್ಯರು ಹೇಗಿದ್ದರೂ ತುಂಬಬೇಕಾದ ವಿವರ ತುಂಬುತ್ತಾರೆ, ಹೀರಬೇಕೋ ಬೇಡವೋ ಎಂಬುದನ್ನು ಗಣಕ ಹೇಳುತ್ತದೆ. ಯಾರು ಬದುಕಿದರು, ಯಾರು ತೀರಿಕೊಂಡರು ಎಂಬುದನ್ನು ಜನಸಂಖ್ಯಾ ದಾಖಲೆಯಿಂದ ತಿಳಿದುಕೊಂಡರು. ಹೀಗೆ ಸ್ವೀಡನ್, ಐಸ್‌ಲೆಂಡ್ ಮತ್ತು ಡೆನ್ಮಾರ್ಕ್‌ಗಳಿಂದ 7,244 ರೋಗಿಗಳು ಸೇರಿದರು. 2013ರಲ್ಲಿ ಫಲಿತಾಂಶ ಬಂತು. 30 ದಿನಗಳ ಸಾವು ಹೀರಿದವರಲ್ಲಿ ಶೇ. 2.8, ಹೀರದವರಲ್ಲಿ ಶೇ. 3.0. ಒಂದು ವರ್ಷದ ಲೆಕ್ಕ ಶೇ. 5.3 ಮತ್ತು ಶೇ. 5.6. ವ್ಯತ್ಯಾಸವಿದೆ ಎನ್ನಲು ಬಾರದು.

ಎರಡು ವರ್ಷದ ಬಳಿಕ ಕೆನಡಾದ ಸಂಜಿತ್ ಜಾಲಿ ಅವರ ನೇತೃತ್ವದ ಟೋಟಲ್ ಪ್ರಯೋಗ 20 ದೇಶಗಳ 10,732 ರೋಗಿಗಳೊಂದಿಗೆ ಬಂತು. ಹೃದಯ ಸಂಬಂಧಿ ಸಾವು, ಮರುಕಳಿಸಿದ ಹೃದಯಾಘಾತ, ಹೃದಯ ಸೋತು ರಕ್ತದೊತ್ತಡ ಕುಸಿಯುವುದು, ತೀವ್ರ ಹೃದಯ ವೈಫಲ್ಯ ಇವೆಲ್ಲವನ್ನೂ ಸೇರಿಸಿ 180 ದಿನಗಳ ಲೆಕ್ಕ: ಶೇ. 6.9 ಮತ್ತು ಶೇ. 7.0. ಲಾಭವಿಲ್ಲ ಎಂಬುದು ಮತ್ತೊಮ್ಮೆ ಗಟ್ಟಿಯಾಯಿತು. ಅದರೊಂದಿಗೆ ಯಾರೂ ಬಯಸದ ಇನ್ನೊಂದು ಅಂಕಿಯೂ ಬಂತು. 30 ದಿನಗಳೊಳಗೆ ಪಾರ್ಶ್ವವಾಯು ತಗಲಿದವರು ಹೀರಿದ ಗುಂಪಿನಲ್ಲಿ 33, ಹೀರದ ಗುಂಪಿನಲ್ಲಿ 16. ಕಳಚಿದ ಚೂರು ಮೆದುಳಿಗೆ ಹೋಯಿತು ಎಂಬ ವಿವರಣೆ ಸಹಜವಾಗಿ ಹೊಳೆಯುತ್ತದೆ. ಆದರೆ ಟೇಸ್ಟ್‌ನಲ್ಲಿ ಎರಡೂ ಗುಂಪುಗಳಲ್ಲಿ ಪಾರ್ಶ್ವವಾಯುವಿನ ಪ್ರಮಾಣ ಒಂದೇ ಇತ್ತು. ಆದ್ದರಿಂದ ಇದನ್ನು ಖಚಿತ ಅಪಾಯ ಎನ್ನುವುದಕ್ಕಿಂತ ಗಂಭೀರ ಶಂಕೆ ಎನ್ನುವುದು ಸರಿ. ಲಾಭವೇ ಇಲ್ಲದ ಕಡೆ ಶಂಕೆಯೂ ಭಾರವೇ. 2015ರಲ್ಲಿ ಅಮೆರಿಕ, 2017ರಲ್ಲಿ ಯುರೋಪ್ ವಾಡಿಕೆಯ ಹೀರುವಿಕೆಯನ್ನು ಶಿಫಾರಸಿನಿಂದ ಕೈಬಿಟ್ಟವು.

ಟೋಟಲ್‌ನ ಕೋಷ್ಟಕಗಳಲ್ಲಿ ಅಡಗಿರುವ ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಹೆಪ್ಪು ಹೀರಿದವರಲ್ಲಿ ಇಸಿಜಿ ಸ್ವಲ್ಪ ಚೆನ್ನಾಗಿಯೇ ಸುಧಾರಿಸಿತ್ತು. ಚೂರುಗಳು ಮುಂದೆ ಸಾಗಿ ಸಿಕ್ಕಿಕೊಂಡದ್ದು ಶೇ. 3.0ರಿಂದ ಶೇ. 1.6ಕ್ಕೆ ಇಳಿದಿತ್ತು. ಅಂದರೆ ಕೊಳವೆ ತನ್ನ ಕೆಲಸ ಮಾಡಿತ್ತು. ತರ್ಕ ಹೇಳಿದ್ದೆಲ್ಲ ನಡೆದಿತ್ತು, ಒಂದನ್ನು ಬಿಟ್ಟು: ರೋಗಿಗೆ ಸಿಗಬೇಕಾದ ಫಲ ಸಿಗಲಿಲ್ಲ.

ಏಕೆ? ನಲ್ಲಿಯಲ್ಲಿ ಕಸ ಸಿಕ್ಕಿಕೊಂಡಿದೆ, ಕಸ ತೆಗೆದರೆ ನೀರು ಬರುತ್ತದೆ ಎಂಬ ಹೋಲಿಕೆಯನ್ನು ವೈದ್ಯರೂ ರೋಗಿಗಳೂ ಸಲೀಸಾಗಿ ಬಳಸುತ್ತಾರೆ. ಹೃದಯದ ವಿಷಯದಲ್ಲಿ ಅದು ದಾರಿ ತಪ್ಪಿಸುತ್ತದೆ. ಕಿರುನಾಳಗಳು ಮುಚ್ಚುವುದಕ್ಕೆ ಮೇಲಿನಿಂದ ಬಂದ ಚೂರು ಒಂದು ಕಾರಣ ಮಾತ್ರ. ರಕ್ತವಿಲ್ಲದೆ ಬಳಲಿದ ಸ್ನಾಯು ಬಾತುಕೊಂಡು ಕಿರುನಾಳಗಳನ್ನು ಹೊರಗಿನಿಂದಲೇ ಹಿಸುಕುತ್ತದೆ. ಅವುಗಳ ಒಳಪದರ ಊದಿಕೊಳ್ಳುತ್ತದೆ, ಬಿಳಿರಕ್ತಕಣಗಳು ಅಂಟಿಕೊಳ್ಳುತ್ತವೆ, ನಾಳ ತಾನೇ ಸೆಟೆದುಕೊಳ್ಳುತ್ತದೆ. ಬಹುಕಾಲ ನಿಂತಿದ್ದ ರಕ್ತ ಮತ್ತೆ ನುಗ್ಗುವುದರಿಂದಲೂ ಒಂದಷ್ಟು ಹಾನಿಯಾಗುತ್ತದೆ. ಮೇಲಿನ ದೊಡ್ಡ ನಾಳದಲ್ಲಿ ಕೊಳವೆ ಆಡಿಸಿದರೆ ಇವುಗಳಲ್ಲಿ ಯಾವುದೂ ನಿಲ್ಲುವುದಿಲ್ಲ.

ಕಾಲದ ಪ್ರಶ್ನೆಯೂ ಇದೆ. ರೋಗಿ ಮೇಜಿಗೆ ಬರುವಷ್ಟರಲ್ಲಿ ಸಾಯಬೇಕಾದ ಸ್ನಾಯುವಿನ ದೊಡ್ಡ ಪಾಲು ಸತ್ತಿರುತ್ತದೆ. ಹೊತ್ತು ಕಳೆದಂತೆ ಹೆಪ್ಪಿನ ಗುಣವೂ ಬದಲಾಗುತ್ತದೆ: ಪ್ಲೇಟ್‌ಲೆಟ್ ಪ್ರಮಾಣ ಇಳಿದು ಫೈಬ್ರಿನ್ ಹೆಚ್ಚಾಗುತ್ತದೆ. ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು 211 ರೋಗಿಗಳಿಂದ ಹೀರಿ ತೆಗೆದ ವಸ್ತುವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಕನಿಷ್ಠ ಅರ್ಧದಷ್ಟು ಮಂದಿಯಲ್ಲಿ ಹೆಪ್ಪು ಕೆಲವು ದಿನ ಅಥವಾ ವಾರಗಳಷ್ಟು ಹಳೆಯದಾಗಿತ್ತು. ಎದೆನೋವು ಇಂದು ಬೆಳಿಗ್ಗೆ ಬಂದಿರಬಹುದು, ಒಳಗಿನ ಕಥೆ ಎಂದೋ ಶುರುವಾಗಿರುತ್ತದೆ. ಹಾಗೆ ಗೋಡೆಗೆ ಬೇರೂರಿದ್ದನ್ನು ಒಂದು ಮಿಲಿಮೀಟರ್ ಕೊಳವೆ ಹೀರಲಾರದು.

ಮೂರನೆಯದು, ಬಹುಶಃ ನಿರ್ಣಾಯಕವಾದದ್ದು, ಹೆಪ್ಪು ಹೀರದ ಗುಂಪಿಗೆ ಸಿಕ್ಕ ಚಿಕಿತ್ಸೆ. ಅವರನ್ನೇನೂ ಹಾಗೇ ಬಿಟ್ಟಿರಲಿಲ್ಲ. ಆಸ್ಪಿರಿನ್ ಮತ್ತು ಇನ್ನೊಂದು ಪ್ಲೇಟ್‌ಲೆಟ್ ನಿರೋಧಕ, ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್, ಬಲೂನ್, ಸ್ಟೆಂಟ್ ಎಲ್ಲವೂ ಅವರಿಗೂ ಸಿಕ್ಕಿತ್ತು. ಇಷ್ಟೆಲ್ಲ ಮಾಡಿದ ಮೇಲೆ ಕೊಳವೆಯಿಂದ ಗಿಟ್ಟಿಸಲು ಉಳಿದಿರುವ ಲಾಭವೇ ಅಲ್ಪ.

ಇದನ್ನು ಮೆದುಳಿನ ಕಥೆಯ ಪಕ್ಕದಲ್ಲಿಟ್ಟು ನೋಡಬೇಕು. ಟೋಟಲ್ ಪ್ರಕಟವಾದ 2015ರಲ್ಲೇ, ಅದೇ ವೈದ್ಯಪತ್ರಿಕೆಯಲ್ಲಿ, ಪಾರ್ಶ್ವವಾಯುವಿಗೆ ಮೆದುಳಿನ ನಾಳದಿಂದ ಹೆಪ್ಪು ತೆಗೆಯುವ ಡಚ್ ಪ್ರಯೋಗ ಮಿಸ್ಟರ್ ಕ್ಲೀನ್ ಬಂದಿತ್ತು. ಕೇವಲ 500 ರೋಗಿಗಳು. ಮೂರು ತಿಂಗಳ ನಂತರ ತಮ್ಮ ಕೆಲಸ ತಾವು ಮಾಡಿಕೊಳ್ಳುವ ಸ್ಥಿತಿಯಲ್ಲಿದ್ದವರು ಹೆಪ್ಪು ತೆಗೆದ ಗುಂಪಿನಲ್ಲಿ ಶೇ. 32.6, ತೆಗೆಯದ ಗುಂಪಿನಲ್ಲಿ ಶೇ. 19.1. ಒಂದೇ ವರ್ಷ, ಒಂದೇ ಬಗೆಯ ಯೋಚನೆ, ಒಂದು ಕಡೆ ದೊಡ್ಡ ಗೆಲುವು, ಇನ್ನೊಂದು ಕಡೆ ಶೂನ್ಯ. ಮೆದುಳಿನ ಹೆಪ್ಪು ಬಹಳ ಸಲ ಹೃದಯದಿಂದಲೋ ಕುತ್ತಿಗೆಯ ಧಮನಿಯಿಂದಲೋ ಹಾರಿಬಂದು ಕುಳಿತದ್ದು. ಅದನ್ನು ತೆಗೆಯುವುದೇ ನಾಳ ತೆರೆಯುವ ಮುಖ್ಯ ದಾರಿ, ಔಷಧವೊಂದರಿಂದಲೇ ದೊಡ್ಡ ಹೆಪ್ಪು ಕರಗುವುದು ಅಪರೂಪ. ಹೃದಯದ ಧಮನಿಯಲ್ಲಿ ಹೆಪ್ಪು ಹುಟ್ಟಿದ್ದು ಅಲ್ಲೇ, ಹರಿದ ಪ್ಲೇಕಿನ ಮೇಲೆ. ಅದನ್ನು ತೆಗೆದರೂ ಪ್ಲೇಕ್ ಉಳಿಯುತ್ತದೆ, ತೆಗೆಯದಿದ್ದರೂ ಸ್ಟೆಂಟ್ ದಾರಿ ಮಾಡಿಕೊಡುತ್ತದೆ.

2015 ಇನ್ನೊಂದು ಕಾರಣಕ್ಕೂ ನೆನಪಿಡಬೇಕಾದ ವರ್ಷ. ಹೃದಯಾಘಾತದ ರೋಗಿಗಳೂ ಸೇರಿದಂತೆ 8,404 ಮಂದಿಯ ಮ್ಯಾಟ್ರಿಕ್ಸ್ ಪ್ರಯೋಗದಲ್ಲಿ ಆಂಜಿಯೋಪ್ಲಾಸ್ಟಿಯ ಕೊಳವೆಯನ್ನು ತೊಡೆಸಂದಿನ ಬದಲು ಮಣಿಕಟ್ಟಿನಿಂದ ತೂರಿಸಿದಾಗ 30 ದಿನಗಳ ಸಾವು ಶೇ. 2.2ರಿಂದ ಶೇ. 1.6ಕ್ಕೆ ಇಳಿಯಿತು. ಮಣಿಕಟ್ಟಿನಿಂದ ಹೋದರೆ ರಕ್ತಸ್ರಾವ ಕಡಿಮೆ. ಆದರೆ ಇದರ ಫೋಟೊ ತೆಗೆಯಲು ಏನೂ ಇಲ್ಲ. ಆಗದೇ ಹೋದ ರಕ್ತಸ್ರಾವವನ್ನು ಯಾವ ಬುಟ್ಟಿಯಲ್ಲಿ ಹಾಕಿ ತೋರಿಸುವುದು?

ಹಾಗೆಂದು ಹೆಪ್ಪು ಹೀರುವ ಕೊಳವೆಯನ್ನು ಮೂಲೆಗೆಸೆದಿಲ್ಲ, ಎಸೆಯಲೂಬಾರದು. ಟಪಾಸ್, ಟೇಸ್ಟ್, ಟೋಟಲ್ ಈ ಮೂರೂ ಪ್ರಯೋಗಗಳ 18,306 ರೋಗಿಗಳ ವಿವರವನ್ನು ಒಂದುಗೂಡಿಸಿದ 2017ರ ವಿಶ್ಲೇಷಣೆಯಲ್ಲಿ, ಹೆಪ್ಪಿನ ಗಾತ್ರ ಬಹಳ ದೊಡ್ಡದಿದ್ದವರನ್ನು ಪ್ರತ್ಯೇಕವಾಗಿ ನೋಡಿದಾಗ 30 ದಿನಗಳಲ್ಲಿ ಹೃದಯ ಸಂಬಂಧಿ ಸಾವು ಹೀರಿದವರಲ್ಲಿ ಶೇ. 2.5, ಹೀರದವರಲ್ಲಿ ಶೇ. 3.1 ಇತ್ತು. ಅದೇ ರೋಗಿಗಳಲ್ಲಿ ಪಾರ್ಶ್ವವಾಯು ಅಥವಾ ಅದರ ತಾತ್ಕಾಲಿಕ ರೂಪ ಶೇ. 0.9 ಮತ್ತು ಶೇ. 0.5. ಸಾವಿರ ಮಂದಿಗೆ ಆರು ಸಾವು ತಪ್ಪುತ್ತದೆ, ನಾಲ್ವರಿಗೆ ಮೆದುಳಿನ ತೊಂದರೆ ಹೆಚ್ಚುತ್ತದೆ. ಇದನ್ನೂ ಎಚ್ಚರದಿಂದ ಓದಬೇಕು. ಒಟ್ಟು ಪ್ರಯೋಗ ಲಾಭವಿಲ್ಲ ಎಂದಮೇಲೆ ಒಳಗುಂಪುಗಳನ್ನು ಬಿಡಿಸಿ ನೋಡುತ್ತ ಹೋದರೆ ಎಲ್ಲೋ ಒಂದು ಕಡೆ ಲಾಭ ಕಾಣಿಸಿಯೇ ತೀರುತ್ತದೆ. ಇದು ಸುಳಿವು, ತೀರ್ಪಲ್ಲ.

ಕ್ಯಾಥ್ ಲ್ಯಾಬಿನಲ್ಲಿ ಈಗಿನ ನಡೆ ಹೀಗಿದೆ. ಮೊದಲು ತಂತಿ ದಾಟಿಸುತ್ತಾರೆ, ಬೇಕಿದ್ದರೆ ಸಣ್ಣ ಬಲೂನ್ ಆಡಿಸುತ್ತಾರೆ. ರಕ್ತ ಹರಿಯತೊಡಗಿದರೆ ನೇರವಾಗಿ ಸ್ಟೆಂಟ್. ಹಾಗಾದ ಮೇಲೂ ನಾಳದೊಳಗೆ ದೊಡ್ಡ ಹೆಪ್ಪು ಕಾಣುತ್ತಿದ್ದರೆ, ಹರಿವು ಕುಂಟುತ್ತಿದ್ದರೆ, ಆಗ ಹೀರುವ ಕೊಳವೆ ಕೈಗೆ ಬರುತ್ತದೆ. ಟೋಟಲ್‌ನಲ್ಲೂ ಹೀರಬಾರದೆಂದು ಚೀಟಿ ಬಂದಿದ್ದವರ ಪೈಕಿ ಸುಮಾರು ಶೇ. 7 ಮಂದಿಗೆ ಕೊನೆಗೆ ಹೀಗೆ ಹೀರಲೇಬೇಕಾಯಿತು. ಬೇರೆ ದಾರಿಗಳನ್ನೂ ಹುಡುಕಿ ನೋಡಿದ್ದಾರೆ. ಹೆಪ್ಪು ಕರಗಿಸುವ ಔಷಧವನ್ನು ಅಲ್ಪ ಪ್ರಮಾಣದಲ್ಲಿ ನೇರವಾಗಿ ಧಮನಿಗೇ ಕೊಟ್ಟ ಬ್ರಿಟನ್ನಿನ ಟಿ-ಟೈಮ್ ಪ್ರಯೋಗದಲ್ಲಿ ಕಿರುನಾಳಗಳ ಅಡ್ಡಿ ಕಡಿಮೆಯಾಗಲಿಲ್ಲ. ಹರಿವು ಮರಳಿದ ಮೇಲೆ ಸ್ಟೆಂಟ್ ಹಾಕುವುದನ್ನು ಮುಂದೂಡಿ, ಹೆಪ್ಪು ತಾನಾಗಿ ಕರಗಲು ಬಿಟ್ಟ ಡೆನ್ಮಾರ್ಕಿನ ಪ್ರಯೋಗವೂ ಲಾಭ ತೋರಲಿಲ್ಲ.

ಈಗ ಗಮನ ಸೆಳೆಯುತ್ತಿರುವುದು ಕೈಯ ಸಿರಿಂಜಿನ ಬದಲು ಪಂಪಿನಿಂದ ಒಂದೇ ಸಮನೆ ಹೀರುವ ಸಾಧನ. ಸಿರಿಂಜ್ ತುಂಬುತ್ತ ಬಂದಂತೆ ಅದರ ಬಲ ಕುಗ್ಗುತ್ತದೆ, ಪಂಪಿಗೆ ಆ ತೊಂದರೆಯಿಲ್ಲ. ಅಮೆರಿಕದ 25 ಆಸ್ಪತ್ರೆಗಳಲ್ಲಿ, ಹೆಪ್ಪು ಹೆಚ್ಚಿದ್ದ 400 ರೋಗಿಗಳಲ್ಲಿ ಇದನ್ನು ಬಳಸಿದ ಚೀತಾ ಅಧ್ಯಯನ ಬಂದಿದೆ, ಫಲಿತಾಂಶ ಚೆನ್ನಾಗಿಯೇ ಇದೆ. ಆದರೆ ಹೋಲಿಸಲು ಎದುರು ಗುಂಪೇ ಇರಲಿಲ್ಲ. ಎದುರು ಗುಂಪು ಚಿಕ್ಕದಾಗಿದ್ದಾಗಲೇ ಟಪಾಸ್ ನಮ್ಮನ್ನು ಎಲ್ಲಿಗೆ ಕೊಂಡೊಯ್ದಿತ್ತು ಎಂಬುದು ನೆನಪಿರಲಿ. ಪಾರ್ಶ್ವವಾಯುವಿನ ಚಿಕಿತ್ಸೆಯಲ್ಲಿ ಗೆದ್ದ, ಹೆಪ್ಪನ್ನು ಬಲೆಯಲ್ಲಿ ಸಿಕ್ಕಿಸಿ ಎಳೆಯುವ ಸಾಧನವನ್ನೂ ಹೃದಯದ ಧಮನಿಯಲ್ಲಿ ಸಣ್ಣ ಪ್ರಮಾಣದಲ್ಲಿ ಪರೀಕ್ಷಿಸಿದ್ದಾರೆ. ದೊಡ್ಡ ಹೆಪ್ಪಿನವರನ್ನಷ್ಟೇ ಆರಿಸಿಕೊಂಡು, ಚೀಟಿ ಎತ್ತಿ ಗುಂಪು ಮಾಡಿ, ಸಾವನ್ನೂ ಪಾರ್ಶ್ವವಾಯುವನ್ನೂ ಎಣಿಸುವ ಸಾವಿರಾರು ಮಂದಿಯ ಪ್ರಯೋಗವಿಲ್ಲದೆ ಇವುಗಳ ಬೆಲೆ ಕಟ್ಟಲಾಗದು. ಸಾಧನ ತಯಾರಿಸುವವರು ಅಷ್ಟರವರೆಗೆ ಕಾಯುವರೆಂಬ ನಂಬಿಕೆ ನನಗಿಲ್ಲ.

ರೋಗಿಯ ಮನೆಯವರ ಕೈಗೆ ಬರುವ ಡಿಸ್ಚಾರ್ಜ್ ಸಮ್ಮರಿಯಲ್ಲಿ ಹೆಪ್ಪು ಹೀರಿದ ಬಗ್ಗೆ ಒಂದು ಸಾಲು ಇರಬಹುದು, ಇಲ್ಲದಿರಬಹುದು. ಇಲ್ಲದಿದ್ದರೆ ಚಿಕಿತ್ಸೆಯಲ್ಲಿ ಏನೋ ಬಿಟ್ಟಿದ್ದಾರೆ ಎಂದಲ್ಲ. ನೋವು ಶುರುವಾದ ಹೊತ್ತು, ಧಮನಿ ತೆರೆದ ಹೊತ್ತು ಇವೆರಡರ ನಡುವಿನ ಅಂತರ ಅದಕ್ಕಿಂತ ಹೆಚ್ಚು ಹೇಳುತ್ತದೆ. ಚಿಕಿತ್ಸೆ ಮುಗಿದಾಗ ಹರಿವು ಹೇಗಿತ್ತು ಎಂಬುದಕ್ಕೆ ಟಿಮಿ ಎಂಬ ಅಳತೆಯಲ್ಲಿ ಸೊನ್ನೆಯಿಂದ ಮೂರರವರೆಗೆ ಅಂಕ ಕೊಟ್ಟಿರುತ್ತಾರೆ, ಮೂರು ಎಂದರೆ ಪೂರ್ತಿ ಹರಿವು. ಅದರ ಕೆಳಗೆ ಪ್ಲೇಟ್‌ಲೆಟ್ ತಡೆಯುವ ಎರಡು ಮಾತ್ರೆಗಳ ಹೆಸರಿರುತ್ತದೆ. ಸ್ಟೆಂಟಿನೊಳಗೆ ಹೊಸ ಹೆಪ್ಪು ಕಟ್ಟದಂತೆ ಕಾಯುವುದು ಅವೇ. ಸಾಮಾನ್ಯವಾಗಿ ಒಂದು ವರ್ಷ ಎರಡನ್ನೂ ಜೊತೆಯಾಗಿ ಕೊಡುತ್ತಾರೆ, ಹೃದ್ರೋಗ ತಜ್ಞರನ್ನು ಕೇಳದೆ ಒಂದನ್ನೂ ನಿಲ್ಲಿಸುವಂತಿಲ್ಲ.